ಕುದುರೆ ಲಾಯ ನಡೆಸಲು ಸಾಫ್ಟ್‌ವೇರ್: ಯಾವ ಕೆಲಸವನ್ನು ಅದಕ್ಕೆ ಒಪ್ಪಿಸಬಹುದು?

ಪ್ರಶ್ನೆ | ದೊಡ್ಡಬಳ್ಳಾಪುರ_ಲಾಯ

ಎಲ್ಲರಿಗೂ ನಮಸ್ಕಾರ. ದೊಡ್ಡಬಳ್ಳಾಪುರ ರಸ್ತೆಯ ಕಡೆ ನಮ್ಮದೊಂದು ಸಣ್ಣ ಸವಾರಿ ಶಾಲೆ ಇದೆ. ಶಾಲೆಯ ಸ್ವಂತ ಕುದುರೆಗಳಲ್ಲದೆ, ಬೆಂಗಳೂರಿನ ಮಾಲೀಕರು ತಿಂಗಳ ಶುಲ್ಕ ಕೊಟ್ಟು ನಮ್ಮಲ್ಲಿ ಬಿಟ್ಟಿರುವ ಹದಿನೆಂಟು ಲಿವರಿ ಕುದುರೆಗಳೂ ಇವೆ. ಅವುಗಳಲ್ಲಿ ಹೆಚ್ಚಿನವು ರೇಸಿನಿಂದ ನಿವೃತ್ತವಾದ ಥರೋಬ್ರೆಡ್ ತಳಿಯವು. ಕೆಲವು ಮಾಲೀಕರು ಮೇವು, ಮಾಲೀಶು, ವ್ಯಾಯಾಮ ಎಲ್ಲವನ್ನೂ ನಮಗೇ ವಹಿಸಿದ್ದಾರೆ. ಕೆಲವರು ತರಬೇತಿಯನ್ನೂ ಸೇರಿಸಿಕೊಂಡಿದ್ದಾರೆ. ಇನ್ನು ಕೆಲವರು ವಾರದಲ್ಲಿ ಕೆಲವು ಗಂಟೆ ತಮ್ಮ ಕುದುರೆಯನ್ನು ಶಾಲೆಯ ಮಕ್ಕಳಿಗೆ ಬಳಸಲು ಒಪ್ಪಿ ಶುಲ್ಕದಲ್ಲಿ ರಿಯಾಯಿತಿ ಪಡೆಯುತ್ತಾರೆ.

ಈವರೆಗೆ ಎಲ್ಲ ವ್ಯವಹಾರವೂ ಮೇವಿನ ಕೋಣೆಯ ಕಪ್ಪು ಹಲಗೆ, ಒಂದು ಉದ್ದನೆಯ ರಿಜಿಸ್ಟರ್, ಎಕ್ಸೆಲ್ ಹಾಳೆ ಮತ್ತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ನಡೆದಿದೆ. ತಿಂಗಳ ಕೊನೆಯಲ್ಲಿ ಬಿಲ್ ಮಾಡಲು ಕುಳಿತಾಗ ತೊಡಕು ಶುರುವಾಗುತ್ತದೆ. ಲಾಳ ಕಟ್ಟುವವರು ಬಂದ ದಿನ ಯಾವ ಕುದುರೆಗೆ ನಾಲ್ಕೂ ಕಾಲಿಗೆ ಹೊಸ ಲಾಳ ಹಾಕಿದರು, ಯಾವುದಕ್ಕೆ ಗೊರಸು ಕತ್ತರಿಸಿ ಹಳೆಯದನ್ನೇ ಮರಳಿ ಹೊಡೆದರು ಎಂಬುದು ಅವರ ಚೀಟಿಯಲ್ಲಿ ಒಂದು ರೀತಿ, ನಮ್ಮ ರಿಜಿಸ್ಟರಿನಲ್ಲಿ ಇನ್ನೊಂದು ರೀತಿ ಇರುತ್ತದೆ. ಹೆಚ್ಚುವರಿಯಾಗಿ ಕೊಟ್ಟ ಕುದುರೆಮಸಾಲೆ (ಲೂಸರ್ನ್) ಸೊಪ್ಪಿನ ಹಣವನ್ನು ಕೇಳಿದರೆ, ಅದನ್ನು ಕೊಡಿ ಎಂದು ತಾವು ಹೇಳಿಯೇ ಇಲ್ಲ ಎನ್ನುವ ಮಾಲೀಕರೂ ಇದ್ದಾರೆ.

ಬಾರ್ನ್‌ಮ್ಯಾನೇಜರ್, ಸ್ಟೇಬಲ್ ಸೆಕ್ರೆಟರಿ ಮುಂತಾದ ಅಮೆರಿಕದ ಸೇವೆಗಳನ್ನು ನೋಡಿದ್ದೇನೆ. ಅಚ್ಚುಕಟ್ಟಾಗಿವೆ, ಆದರೆ ಚಂದಾ ಡಾಲರಿನಲ್ಲಿದೆ, ಮತ್ತು ಅವು ಅಲ್ಲಿನ ಪದ್ಧತಿಗೆ ಹೊಂದಿಕೊಂಡು ಬೆಳೆದಂಥವು. ಪರಿಚಯದ ಒಬ್ಬ ತಂತ್ರಜ್ಞರು ನಮಗಾಗಿಯೇ ಹೊಸದೊಂದನ್ನು ಬರೆದುಕೊಡುವುದಾಗಿ ಹೇಳುತ್ತಿದ್ದಾರೆ. ನಮ್ಮ ಸೈಸ್‌ಗಳಲ್ಲಿ, ಎಂದರೆ ಕುದುರೆ ನೋಡಿಕೊಳ್ಳುವ ಕೆಲಸಗಾರರಲ್ಲಿ, ಇಲ್ಲಿಯವರೂ ಇದ್ದಾರೆ, ಬಿಹಾರ, ರಾಜಸ್ಥಾನದವರೂ ಇದ್ದಾರೆ. ಎಲ್ಲರ ಬಳಿಯೂ ಫೋನ್ ಇದೆ, ಆದರೆ ಅದರಲ್ಲಿ ಬರೆಯುವ ರೂಢಿ ಎಲ್ಲರಿಗೂ ಇಲ್ಲ. ಕೊನೆಯ ಸಾಲಿನ ಲಾಯಗಳಲ್ಲಿ ನೆಟ್‌ವರ್ಕ್ ಕೂಡ ಸಿಗುವುದಿಲ್ಲ. ಇಂತಹ ಸ್ಥಿತಿಯಲ್ಲಿ ಸಾಫ್ಟ್‌ವೇರ್ ತರುವುದು ಸರಿಯೇ, ತಂದರೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಅನುಭವವಿರುವವರು ತಿಳಿಸಬೇಕಾಗಿ ವಿನಂತಿ.

---

ಉತ್ತರ | ಮೈಸೂರು_ಸವಾರ

ಸರ್, ಒಂದು ಸವಾರಿ ಶಾಲೆಯ ಕಚೇರಿ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿನದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಲಗೆಯನ್ನು ತೆಗೆಯಬೇಡಿ. ಬಿಲ್ ಮತ್ತು ದಿನಾಂಕ, ಇವೆರಡನ್ನು ಮಾತ್ರ ಸಾಫ್ಟ್‌ವೇರಿಗೆ ಕೊಡಿ. ಬೆಳಗಿನ ಮೇವು, ಸಂಜೆಯ ಮೇವು, ಪ್ಯಾಡಕ್‌ಗೆ (ಬೇಲಿ ಹಾಕಿದ ಮೈದಾನಕ್ಕೆ) ಬಿಡುವ ಸರದಿ, ಯಾರಿಗೆ ಯಾವ ಕುದುರೆ ಎಂಬ ದಿನದ ಹಂಚಿಕೆ, ಇವು ಹಲಗೆಯಲ್ಲೇ ಇರಲಿ.

ಕಾರಣವಿದೆ. ಬೆಳಗಿನ ಐದು ಗಂಟೆಗೆ ಕೈತುಂಬ ಬೂಸಾ ಮೆತ್ತಿಕೊಂಡಿರುವ ಸೈಸ್ ಫೋನ್ ತೆಗೆದು ಪ್ರತಿ ಕುದುರೆಯ ಹೆಸರಿನ ಮುಂದೆ ಗುರುತು ಒತ್ತುತ್ತಾನೆ ಎಂಬುದು ಸಾಫ್ಟ್‌ವೇರ್ ಮಾರುವವರ ನಂಬಿಕೆ. ಕಟ್ಟುನಿಟ್ಟು ಮಾಡಿದರೆ ಅವನು ಒತ್ತುವುದೂ ನಿಜ. ಮೇವಿನ ಕೆಲಸವೆಲ್ಲ ಮುಗಿದ ಮೇಲೆ, ಚಹಾ ಕುಡಿಯುತ್ತ, ಎಲ್ಲ ಕುದುರೆಗಳಿಗೂ ಒಂದೇ ಸಲಕ್ಕೆ ಒತ್ತುತ್ತಾನೆ. ಆಗ ಪರದೆಯ ಮೇಲೆ ಹಸಿರು ಗುರುತುಗಳು ಸಾಲಾಗಿ ನಿಲ್ಲುತ್ತವೆ, ಮೇವು ಬಿಟ್ಟ ಕುದುರೆ ಯಾವುದೆಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಹಲಗೆಯ ಮುಂದೆ ನಿಂತು ಬಾಯಿಮಾತಿನಲ್ಲಿ "ಮೂರನೆಯ ಲಾಯದ್ದು ಅರ್ಧ ಬಿಟ್ಟಿದೆ" ಎಂದು ಹೇಳಿದಾಗ ಅದನ್ನು ಬರೆದುಕೊಳ್ಳುವ ಒಬ್ಬ ಮೇಲ್ವಿಚಾರಕ ಇದ್ದರೆ, ಹತ್ತು ಜನ ಒತ್ತುವ ಗುರುತುಗಳಿಗಿಂತ ಅದು ಹೆಚ್ಚು ನಂಬಲರ್ಹ. ಸಂಜೆ ಹಲಗೆ ಒರೆಸುವ ಮೊದಲು ಅದರ ಚಿತ್ರ ತೆಗೆದು, ಕಚೇರಿಯಲ್ಲಿ ಕುಳಿತ ಒಬ್ಬರೇ ವ್ಯಕ್ತಿ ಅದರಲ್ಲಿನ ವಿಶೇಷಗಳನ್ನು ಮಾತ್ರ ದಾಖಲಿಸಿದರೆ ಸಾಕು. ನೆಟ್‌ವರ್ಕ್ ಸಮಸ್ಯೆಯೂ ಅಲ್ಲಿಗೇ ತೀರುತ್ತದೆ.

ಮೇವಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸಾಫ್ಟ್‌ವೇರ್ ಕಿಲೋಗ್ರಾಂನಲ್ಲಿ ಲೆಕ್ಕ ಕೇಳುತ್ತದೆ, ಸೈಸ್ ಡಬ್ಬದಲ್ಲಿ ಅಳೆಯುತ್ತಾನೆ. ಒಂದು ಡಬ್ಬ ಓಟ್ಸ್‌ನ ತೂಕಕ್ಕೆ ಹೋಲಿಸಿದರೆ ಅದೇ ಡಬ್ಬದ ಗೋಧಿ ಬೂಸಾ ಸುಮಾರು ಅರ್ಧ ತೂಗುತ್ತದೆ, ಹುರುಳಿ ಒಂದೂವರೆ ಪಟ್ಟಿಗಿಂತಲೂ ಹೆಚ್ಚು ತೂಗುತ್ತದೆ. ಆದ್ದರಿಂದ ಮೊದಲು ನಿಮ್ಮ ಡಬ್ಬವನ್ನೇ ಒಂದೊಂದು ಮೇವಿನಿಂದ ತುಂಬಿ ತಕ್ಕಡಿಗೆ ಇಟ್ಟು, ಆ ತೂಕಗಳನ್ನು ಸಾಫ್ಟ್‌ವೇರಿನಲ್ಲಿ ಒಮ್ಮೆ ಬರೆದಿಡಿ, ಡಬ್ಬದ ಮೇಲೂ ಬಣ್ಣದಲ್ಲಿ ಬರೆಸಿ. ಹಲಗೆಯಲ್ಲಿ "ಓಟ್ಸ್ 2 ಡಬ್ಬ" ಎಂದೇ ಇರಲಿ. ಪರಿವರ್ತನೆ ಕಚೇರಿಯಲ್ಲಿ ಆಗಬೇಕು, ಮೇವಿನ ಕೋಣೆಯಲ್ಲಿ ಅಲ್ಲ.

ಬಿಲ್ಲಿನ ಜಗಳಕ್ಕೆ ಔಷಧಿ ಸರಳವಾಗಿದೆ. ಲಾಳದವರು ಕೆಲಸ ಮುಗಿಸಿ ಹೊರಡುವ ಮೊದಲೇ ಅವರ ಎದುರಿನಲ್ಲೇ ಪ್ರತಿ ಕುದುರೆಯ ಖಾತೆಗೆ ಖರ್ಚು ದಾಖಲಾಗಬೇಕು, ಮತ್ತು ಅದೇ ಕ್ಷಣ ಮಾಲೀಕರಿಗೆ ಒಂದು ಸಂದೇಶ ಹೋಗಬೇಕು. ಇಪ್ಪತ್ತೈದು ದಿನ ಕಳೆದ ಮೇಲೆ ಬಿಲ್ಲಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವ ಖರ್ಚನ್ನು ಯಾವ ಮಾಲೀಕರೂ ಸಲೀಸಾಗಿ ಒಪ್ಪುವುದಿಲ್ಲ. ಅಂದೇ ತಿಳಿಸಿದ ಖರ್ಚಿಗೆ ತಕರಾರು ಬರುವುದು ಅಪರೂಪ. ಈ ಒಂದು ಕೆಲಸಕ್ಕಾಗಿಯೇ ನಾನು ಸಾಫ್ಟ್‌ವೇರಿಗೆ ಹಣ ಕೊಡಲು ಸಿದ್ಧ.

ಪರಿಚಯದವರಿಂದ ಹೊಸದಾಗಿ ಬರೆಸುವ ವಿಚಾರ ಬಿಟ್ಟುಬಿಡಿ. ಬರೆದುಕೊಟ್ಟವರು ಬೇರೆ ಕೆಲಸಕ್ಕೆ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು?

---

ಉತ್ತರ | ಪಶುವೈದ್ಯೆ

ಮೈಸೂರಿನ ಸವಾರರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ "ಬಿಲ್ ಮತ್ತು ದಿನಾಂಕ" ಎಂದು ಅವರು ಹೇಳಿದ್ದರಲ್ಲಿ ದಿನಾಂಕದ ಭಾಗ ಅಷ್ಟು ಹಗುರವಾದುದಲ್ಲ. ಹೆಚ್ಚಿನ ಸಾಫ್ಟ್‌ವೇರುಗಳು ಹಿಂದಿನ ದಿನಾಂಕಕ್ಕೆ ಇಂತಿಷ್ಟು ದಿನ ಕೂಡಿಸಿ ಮುಂದಿನ ಎಚ್ಚರಿಕೆ ಕೊಡುತ್ತವೆ. ಲಾಳಕ್ಕೆ ಇದು ಸಾಕು. ಐದಾರು ವಾರಕ್ಕೊಮ್ಮೆ ನೆನಪಿಸಿದರೆ ಆಯಿತು. ಲಸಿಕೆ ಮತ್ತು ಜಂತಿನ ಔಷಧಿಗೆ ಸಾಲದು.

ಅಂತರರಾಷ್ಟ್ರೀಯ ಅಶ್ವಸವಾರಿ ಒಕ್ಕೂಟವಾದ ಎಫ್‌ಇಐ ನಿಯಮದ ಪ್ರಕಾರ ಕುದುರೆ ಇನ್‌ಫ್ಲುಯೆಂಜಾ ಲಸಿಕೆಯ ಎರಡನೆಯ ಡೋಸ್ ಮೊದಲನೆಯದಾದ 21ರಿಂದ 60 ದಿನಗಳ ಒಳಗೆ ಬೀಳಬೇಕು. ಬೂಸ್ಟರ್‌ಗಳ ನಡುವೆ 12 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. ಆದರೆ ಸ್ಪರ್ಧೆಗೆ ಹೋಗುವ ಕುದುರೆಯಾದರೆ, ಅದು ಸ್ಪರ್ಧೆಯ ಸ್ಥಳಕ್ಕೆ ತಲುಪುವ ದಿನಕ್ಕೆ ಹಿಂದಿನ 6 ತಿಂಗಳು 21 ದಿನಗಳೊಳಗೆ ಲಸಿಕೆ ಆಗಿರಬೇಕು, ತಲುಪುವ ಮುಂಚಿನ 7 ದಿನಗಳಲ್ಲಿ ಆಗಿರಬಾರದು. ಎಂದರೆ ಲಸಿಕೆಯ ದಿನವನ್ನು ನಿರ್ಧರಿಸುವುದು ಹಿಂದಿನ ಚುಚ್ಚುಮದ್ದು ಮಾತ್ರವಲ್ಲ, ಮುಂದಿನ ಸ್ಪರ್ಧೆ ಕೂಡ. ನೀವು ಪರೀಕ್ಷಿಸುವ ಸಾಫ್ಟ್‌ವೇರಿನಲ್ಲಿ ಒಂದು ಸ್ಪರ್ಧೆಯ ದಿನಾಂಕ ಹಾಕಿ, ಅದಕ್ಕೆ ತಕ್ಕಂತೆ ಎಚ್ಚರಿಕೆ ಬದಲಾಗುತ್ತದೆಯೇ ನೋಡಿ. ಬದಲಾಗದಿದ್ದರೆ ಸ್ಪರ್ಧೆಯ ಕುದುರೆಗಳ ಪಟ್ಟಿಯನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಅನಿವಾರ್ಯ.

ಜಂತಿನ ಔಷಧಿಯ ಎಚ್ಚರಿಕೆಯನ್ನಂತೂ ನಾನು ಸ್ಥಗಿತಗೊಳಿಸಲು ಹೇಳುತ್ತೇನೆ. ಎರಡು ತಿಂಗಳಿಗೊಮ್ಮೆ ಎಲ್ಲ ಕುದುರೆಗೂ ಔಷಧಿ ಕುಡಿಸಿ ಎಂದು ಅದು ಹೇಳಿದರೆ ನೀವು ಕುಡಿಸುತ್ತೀರಿ, ಔಷಧಿಗೆ ಬಗ್ಗದ ಜಂತುಗಳು ಉಳಿದು ಬೆಳೆಯುತ್ತವೆ. ಅದರ ಬದಲು ಲದ್ದಿಯ ಮಾದರಿಯಲ್ಲಿ ಜಂತಿನ ಮೊಟ್ಟೆ ಎಣಿಸುವ ಪರೀಕ್ಷೆಗೆ ಎಚ್ಚರಿಕೆ ಇಟ್ಟು, ಎಣಿಕೆ ಹೆಚ್ಚಿದ್ದ ಕುದುರೆಗೆ ಮಾತ್ರ ತೂಕಕ್ಕೆ ತಕ್ಕ ಔಷಧಿ ಕೊಡಿ. ಕುದುರೆಯನ್ನು ನಿಲ್ಲಿಸಿ ತೂಗುವ ಯಂತ್ರ ಇಲ್ಲದಿದ್ದರೆ ಟೇಪು ಸಾಕು: ಎದೆಯ ಸುತ್ತಳತೆಯ ವರ್ಗವನ್ನು ದೇಹದ ಉದ್ದದಿಂದ ಗುಣಿಸಿ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆದಿದ್ದರೆ, 11,880ರಿಂದ ಭಾಗಿಸಿ. ಸುತ್ತಳತೆ 180, ಉದ್ದ 165 ಇದ್ದ ಕುದುರೆ ಸುಮಾರು 450 ಕಿಲೋ ಇರುತ್ತದೆ. ಅಂತಹ ಕುದುರೆಗೆ ದಿನಕ್ಕೆ ಕನಿಷ್ಠ ದೇಹತೂಕದ ಶೇ 1.5ರಷ್ಟು, ಎಂದರೆ ಏಳು ಕಿಲೋಗೆ ಹತ್ತಿರ, ಒಣಪದಾರ್ಥದ ಲೆಕ್ಕದಲ್ಲಿ ಹುಲ್ಲು ಸಿಗಬೇಕು. ತೂಕದ ಈ ಅಂಕಣ ಪ್ರತಿ ತಿಂಗಳೂ ತುಂಬಿದ್ದರೆ ರೇಸಿನಿಂದ ಬಂದ ಕುದುರೆ ಸೊರಗುತ್ತಿರುವುದು ಕಣ್ಣಿಗೆ ಕಾಣುವ ಮೊದಲೇ ಕಾಗದದಲ್ಲಿ ಕಾಣುತ್ತದೆ.

ನಾನು ಯಾವ ಲಾಯಕ್ಕೆ ಹೋದರೂ ಮೊದಲು ಕೇಳುವುದು ಜ್ವರದ ಪಟ್ಟಿಯನ್ನು. ಆರೋಗ್ಯವಂತ ಕುದುರೆಯ ತಾಪ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗದಲ್ಲಿ ಜ್ವರ ಬಿಟ್ಟು ಬಿಟ್ಟು ಬರುತ್ತದೆ. ಇಂದು ಏರಿ, ಎರಡು ದಿನ ಸಹಜವಾಗಿದ್ದು, ಮತ್ತೆ ಏರಬಹುದು. ನಾನು ನೋಡಿದ ಒಂದು ಸಾಫ್ಟ್‌ವೇರ್ ಕುದುರೆಯ ಪುಟದಲ್ಲಿ ಕೊನೆಯ ತಾಪವನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ತೋರಿಸುತ್ತಿತ್ತು. 38.0 ಎಂದು ಹಸಿರು ಬಣ್ಣದಲ್ಲಿ ಇತ್ತು. ಹಿಂದಿನ ನಮೂದುಗಳನ್ನು ಹುಡುಕಿ ತೆಗೆದಾಗ ಅದೇ ವಾರದಲ್ಲಿ 39.6 ಕೂಡ ಇತ್ತು. ಬೆಳಿಗ್ಗೆ ಸಂಜೆ ಎರಡು ಹೊತ್ತಿನ ತಾಪವನ್ನು ಒಂದೇ ನೋಟಕ್ಕೆ ಗೆರೆಯಾಗಿ ತೋರಿಸದ ಸಾಫ್ಟ್‌ವೇರಿಗಿಂತ ಲಾಯದ ಬಾಗಿಲಿಗೆ ನೇತುಹಾಕಿದ ರಟ್ಟಿನ ಚಾರ್ಟು ಮೇಲು.

ಕೊನೆಯದಾಗಿ, ಯಾವ ಕುದುರೆ ಯಾವ ದಿನದಿಂದ ಯಾವ ದಿನದವರೆಗೆ ಯಾವ ಲಾಯದಲ್ಲಿತ್ತು ಎಂಬ ಇತಿಹಾಸ ಉಳಿಯಬೇಕು. ಸ್ಥಳ ಬದಲಿಸಿದಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಸಾಫ್ಟ್‌ವೇರುಗಳೇ ಹೆಚ್ಚು. ಗ್ಲ್ಯಾಂಡರ್ಸ್‌ನಂತಹ, ಮನುಷ್ಯರಿಗೂ ಹರಡುವ, 2009ರ ಪ್ರಾಣಿರೋಗ ನಿಯಂತ್ರಣ ಕಾಯ್ದೆಯಡಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗದ ಶಂಕೆ ಬಂದು, ಮಾದರಿಗಳು ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗುವ ಸಂದರ್ಭದಲ್ಲಿ ಅಧಿಕಾರಿಗಳು ಕೇಳುವ ಮೊದಲ ಪ್ರಶ್ನೆ, ಈ ಕುದುರೆಯ ಅಕ್ಕಪಕ್ಕ ಯಾವುವು ಇದ್ದವು, ಇದು ಎಲ್ಲಿಂದ ಬಂತು ಎಂಬುದೇ ಆಗಿರುತ್ತದೆ.

---

ಉತ್ತರ | ಇಂಗ್ಲೆಂಡ್_ಕನ್ನಡತಿ

ನಾನಿರುವ ಊರಿನ ಸಮೀಪದ ಲಿವರಿ ಯಾರ್ಡ್ ಒಂದರಲ್ಲಿ ನನ್ನ ಕುದುರೆ ಇದೆ. ಅಲ್ಲಿ ಎಲ್ಲವೂ ಆ್ಯಪ್ ಮೂಲಕ ನಡೆಯುತ್ತದೆ, ಚೆನ್ನಾಗಿಯೂ ನಡೆಯುತ್ತದೆ. ಆದರೂ ಅದನ್ನು ಹಾಗೆಯೇ ದೊಡ್ಡಬಳ್ಳಾಪುರಕ್ಕೆ ತರಬಹುದೆಂದು ನನಗೆ ಅನ್ನಿಸುವುದಿಲ್ಲ. ಏಕೆಂದರೆ ಇಲ್ಲಿ ಆ್ಯಪ್ ಬಳಸುವವರು ಮಾಲೀಕರೇ.

ಇಲ್ಲಿ ಡಿಐವೈ ಲಿವರಿ ಎಂಬ ಪದ್ಧತಿ ವ್ಯಾಪಕವಾಗಿದೆ: ಯಾರ್ಡಿನವರು ಲಾಯ ಮತ್ತು ಹುಲ್ಲುಗಾವಲನ್ನು ಮಾತ್ರ ಬಾಡಿಗೆಗೆ ಕೊಡುತ್ತಾರೆ, ಲದ್ದಿ ಬಳಿಯುವುದರಿಂದ ಹಿಡಿದು ನೀರು ತುಂಬುವವರೆಗೆ ಎಲ್ಲವನ್ನೂ ಮಾಲೀಕರು ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ತಾವೇ ಮಾಡುತ್ತಾರೆ. ಪಾರ್ಟ್ ಲಿವರಿಯಲ್ಲಿ ಕೆಲಸ ಹಂಚಿಕೆಯಾಗುತ್ತದೆ, ಫುಲ್ ಲಿವರಿಯಲ್ಲಿ ಎಲ್ಲವೂ ಯಾರ್ಡಿನವರದು. ನಾಳೆ ನನಗೆ ಬರಲಾಗುವುದಿಲ್ಲ, ಕುದುರೆಯನ್ನು ಮೈದಾನಕ್ಕೆ ಬಿಡಿ ಎಂದು ರಾತ್ರಿ ಆ್ಯಪ್‌ನಲ್ಲಿ ಕೇಳಿಕೊಂಡರೆ ಅದು ಯಾರ್ಡಿನವರ ಮರುದಿನದ ಪಟ್ಟಿಗೂ ನನ್ನ ಬಿಲ್ಲಿಗೂ ಒಟ್ಟಿಗೇ ಸೇರುತ್ತದೆ. ಕೇಳಿದ್ದೇ ನಾನಾದ್ದರಿಂದ ಬಿಲ್ಲಿನ ಬಗ್ಗೆ ಜಗಳಕ್ಕೆ ಜಾಗವಿಲ್ಲ. ನಿಮ್ಮ ಕುದುರೆಮಸಾಲೆ ಸೊಪ್ಪಿನ ತಕರಾರಿಗೂ ಇದೇ ದಾರಿ ಎಂದು ತೋರುತ್ತದೆ: ಹೆಚ್ಚುವರಿ ಏನೇ ಬೇಕಿದ್ದರೂ ಮಾಲೀಕರೇ ಅದನ್ನು ಲಿಖಿತವಾಗಿ ಕೇಳಲಿ.

ಸವಾರಿ ಅಂಗಳವನ್ನು ಕಾಯ್ದಿರಿಸುವುದು ನಮಗೆ ಅತ್ಯಂತ ಉಪಯುಕ್ತವಾದ ಸೌಲಭ್ಯ. ಭಾನುವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಬರುವ ನಿಮ್ಮ ಬೆಂಗಳೂರಿನ ಮಾಲೀಕರಿಗೂ ಅದು ಬೇಕಾಗಬಹುದು. ದಾಖಲೆಗಳ ವಿಷಯದಲ್ಲಿ ಇಲ್ಲಿನ ಸಾಫ್ಟ್‌ವೇರುಗಳು ಕುದುರೆಯ ಪಾಸ್‌ಪೋರ್ಟ್ (ಗುರುತಿನ ಪುಸ್ತಿಕೆ) ಮತ್ತು ಮೈಕ್ರೋಚಿಪ್ ಸಂಖ್ಯೆಯನ್ನು ಕಡ್ಡಾಯವಾಗಿ ಕೇಳುತ್ತವೆ. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರ್ 1ರಿಂದ ಎಲ್ಲ ಕುದುರೆ, ಪೋನಿ, ಕತ್ತೆಗಳಿಗೂ ಮೈಕ್ರೋಚಿಪ್ ಕಡ್ಡಾಯವಾಗಿದೆ. ವಿಚಿತ್ರವೆಂದರೆ ಸವಾರಿ ಶಾಲೆಗೆ ಇಲ್ಲಿ 2018ರ ನಿಯಮಗಳ ಪ್ರಕಾರ ಪರವಾನಗಿ ಬೇಕು, ಲಿವರಿ ಯಾರ್ಡಿಗೆ ಬೇಡ. ಹೀಗಾಗಿ ಯಾರ್ಡಿನ ಗುಣಮಟ್ಟವನ್ನು ಅಳೆಯಲು ನಮಗೆ ಸಿಗುವುದು ಅವರು ಇಟ್ಟುಕೊಂಡಿರುವ ದಾಖಲೆಗಳೇ.

ಒಂದು ಎಚ್ಚರಿಕೆ. ಮಾಲೀಕರಿಗೆ ಎಲ್ಲವನ್ನೂ ತೋರಿಸುವ ಸೌಲಭ್ಯವನ್ನು ಒಮ್ಮೆಲೇ ತೆರೆಯಬೇಡಿ. ಕುದುರೆ ಬೆಳಿಗ್ಗೆ ಅರ್ಧ ಡಬ್ಬ ಮೇವು ಬಿಟ್ಟಿದೆ ಎಂಬ ಸಾಲು ಮೇಲ್ವಿಚಾರಕರಿಗೆ ಉಪಯುಕ್ತ ಮಾಹಿತಿ. ನಗರದಲ್ಲಿ ಮೀಟಿಂಗ್‌ನಲ್ಲಿ ಕುಳಿತಿರುವ ಮಾಲೀಕರಿಗೆ ಅದು ಹೊಟ್ಟೆಶೂಲೆಯ ಭಯ, ನಿಮಗೆ ಹತ್ತು ಫೋನ್ ಕರೆ. ನಮ್ಮ ಯಾರ್ಡಿನವರು ಖರ್ಚು, ವೈದ್ಯರ ಭೇಟಿ ಮತ್ತು ಲಾಳದ ದಿನಗಳನ್ನು ಮಾತ್ರ ನಮಗೆ ತೋರಿಸುತ್ತಾರೆ, ಉಳಿದದ್ದನ್ನು ಅಗತ್ಯವಿದ್ದರೆ ಫೋನಿನಲ್ಲಿ ಹೇಳುತ್ತಾರೆ.

---

ಪ್ರತಿಕ್ರಿಯೆ | ದೊಡ್ಡಬಳ್ಳಾಪುರ_ಲಾಯ

ಮೂವರಿಗೂ ಕೃತಜ್ಞತೆಗಳು. ಡಾಕ್ಟರ್ ಅವರು ಹೇಳಿದ ಎರಡು ಪರೀಕ್ಷೆಗಳನ್ನು, ಎಂದರೆ ಸ್ಪರ್ಧೆಯ ದಿನಾಂಕ ಮತ್ತು ತಾಪದ ಗೆರೆಯನ್ನು, ಪ್ರಾಯೋಗಿಕ ಅವಧಿಯಲ್ಲೇ ನೋಡುತ್ತೇನೆ. ಹೊಸದಾಗಿ ಬರೆಸುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಇನ್ನೆರಡು ಸಂದೇಹಗಳಿವೆ. ವೈದ್ಯರ ಶುಲ್ಕವನ್ನು ನಾವೇ ಕೊಟ್ಟು ಮಾಲೀಕರಿಂದ ವಸೂಲಿ ಮಾಡುವಾಗ ಜಿಎಸ್‌ಟಿ ಲೆಕ್ಕ ಹೇಗೆ? ಹಾಗೆಯೇ, ಸಾಫ್ಟ್‌ವೇರಿನ ದಾಖಲೆಗೆ ಕಾನೂನಿನಲ್ಲಿ ಏನಾದರೂ ಬೆಲೆ ಇದೆಯೇ?

---

ಉತ್ತರ | ತೆರಿಗೆ_ವಕೀಲ

ಜಿಎಸ್‌ಟಿಯ ಬಗ್ಗೆ ಅನೇಕ ಲಾಯದವರಲ್ಲಿ ಒಂದು ತಪ್ಪು ಕಲ್ಪನೆ ಇದೆ. ಪ್ರಾಣಿಗಳ ಸಾಕಣೆಗೆ ಸಂಬಂಧಿಸಿದ ಸೇವೆಗಳಿಗೆ ವಿನಾಯಿತಿ ಇರುವುದರಿಂದ ತಮಗೂ ಅದು ಅನ್ವಯಿಸುತ್ತದೆ ಎಂದು ಅವರು ಭಾವಿಸುತ್ತಾರೆ. 2017ರ ವಿನಾಯಿತಿ ಅಧಿಸೂಚನೆಯನ್ನು ಓದಿದರೆ, ಅದೇ ವಾಕ್ಯದಲ್ಲಿ "ಕುದುರೆ ಸಾಕಣೆಯನ್ನು ಹೊರತುಪಡಿಸಿ" ಎಂದು ಸ್ಪಷ್ಟವಾಗಿ ಹೇಳಲಾಗಿದೆ. ಆದ್ದರಿಂದ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಮಾಡಿಸಿ, ಲಿವರಿ ಶುಲ್ಕಕ್ಕೆ ತೆರಿಗೆ ಸೇರಿಸಿಯೇ ಬಿಲ್ ಮಾಡಬೇಕು.

ಪಶುಚಿಕಿತ್ಸಾಲಯವು ಪ್ರಾಣಿಗಳಿಗೆ ನೀಡುವ ಆರೋಗ್ಯ ಸೇವೆಗೆ ಮಾತ್ರ ವಿನಾಯಿತಿ ಇದೆ. ಅದರ ಬಿಲ್ಲನ್ನು ನೀವು ನಿಮ್ಮ ಶುಲ್ಕದೊಳಗೆ ಬೆರೆಸಿಬಿಟ್ಟರೆ ಆ ಹಣವೂ ನಿಮ್ಮ ಸೇವೆಯ ಮೌಲ್ಯಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ. ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ನಿಯಮ 33ರಂತೆ, ಮಾಲೀಕರ ಅನುಮತಿಯ ಮೇರೆಗೆ ಅವರ ಪರವಾಗಿ ಹಣ ಪಾವತಿಸಿ, ಲಾಭ ಸೇರಿಸದೆ ಅಷ್ಟೇ ಮೊತ್ತವನ್ನು ನಿಮ್ಮ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ ವಸೂಲಿ ಮಾಡಿದರೆ ಅದನ್ನು ನಿಮ್ಮ ಮೌಲ್ಯದಿಂದ ಹೊರಗಿಡಬಹುದು. ಲಾಳದ ಖರ್ಚಿಗೂ ಇದೇ ಕ್ರಮ. ಹೀಗಾಗಿ ಸಾಫ್ಟ್‌ವೇರ್ ಆರಿಸುವಾಗ, ಒಂದೇ ಬಿಲ್ಲಿನಲ್ಲಿ ತೆರಿಗೆ ಇರುವ ಸಾಲು ಮತ್ತು ತೆರಿಗೆಯಿಲ್ಲದ ವಸೂಲಿ ಸಾಲು ಬೇರೆ ಬೇರೆಯಾಗಿ ಬರುತ್ತವೆಯೇ, ವೈದ್ಯರ ಮೂಲ ಬಿಲ್ಲಿನ ಚಿತ್ರವನ್ನು ಆ ಸಾಲಿಗೆ ಲಗತ್ತಿಸಬಹುದೇ ಎಂದು ನೋಡಿ. ವಿದೇಶಿ ಸೇವೆಗಳಲ್ಲಿ ಇದು ಸರಿಹೊಂದದಿದ್ದರೆ, ಕುದುರೆಯ ದಾಖಲೆಗಳನ್ನು ಅಲ್ಲಿಟ್ಟು ಬಿಲ್ಲನ್ನು ಮಾತ್ರ ಟ್ಯಾಲಿಯಲ್ಲಿ ಮಾಡುವುದು ಉತ್ತಮ.

ಕಾನೂನಿನ ದೃಷ್ಟಿಯಲ್ಲಿ ಕುದುರೆಯನ್ನು ನಿಮ್ಮ ವಶಕ್ಕೆ ಬಿಟ್ಟಾಗ 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ನೀವು ಅದರ ನಿಕ್ಷೇಪಧಾರಿಗಳು (ಬೈಲಿ), ಎಂದರೆ ಇನ್ನೊಬ್ಬರ ಸ್ವತ್ತನ್ನು ನೋಡಿಕೊಳ್ಳಲು ವಶಕ್ಕೆ ಪಡೆದವರು. 151ನೆಯ ಕಲಮಿನಂತೆ, ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನದೇ ಸ್ವತ್ತನ್ನು ಹೇಗೆ ನೋಡಿಕೊಳ್ಳುತ್ತಾನೋ ಅಷ್ಟು ಎಚ್ಚರಿಕೆಯನ್ನು ನೀವು ವಹಿಸಬೇಕು. ಕುದುರೆ ಹೊಟ್ಟೆಶೂಲೆಯಿಂದ ಸತ್ತು ಮಾಲೀಕರು ನಷ್ಟ ಪರಿಹಾರ ಕೇಳಿದರೆ, ಎಷ್ಟು ಗಂಟೆಗೆ ಲಕ್ಷಣ ಕಂಡಿತು, ಎಷ್ಟು ಗಂಟೆಗೆ ವೈದ್ಯರಿಗೆ ಕರೆ ಹೋಯಿತು ಎಂಬ ದಾಖಲೆ ನಿಮ್ಮ ಎಚ್ಚರಿಕೆಗೆ ಪುರಾವೆಯಾಗುತ್ತದೆ. ಆದರೆ ಮೈಸೂರಿನವರು ವರ್ಣಿಸಿದ, ಚಹಾದ ಹೊತ್ತಿಗೆ ಒಟ್ಟಿಗೆ ಒತ್ತಿದ ಹಸಿರು ಗುರುತುಗಳು ಪಾಟೀಸವಾಲಿನಲ್ಲಿ ನಿಮಗೇ ತಿರುಗಿಬೀಳುತ್ತವೆ: ಹದಿನೆಂಟು ಕುದುರೆಗಳಿಗೆ ಒಂದೇ ನಿಮಿಷದಲ್ಲಿ ಮೇವು ಕೊಟ್ಟಿರಾ ಎಂದು ಎದುರು ಪಕ್ಷದ ವಕೀಲರು ಕೇಳದೆ ಬಿಡುವುದಿಲ್ಲ. ಅಂದಹಾಗೆ, ನಿಮ್ಮಲ್ಲಿರುವ ಹೆಣ್ಣು ಕುದುರೆ ಮರಿ ಹಾಕಿದರೆ ಮರಿಯೂ ಮಾಲೀಕರಿಗೇ ಸೇರಬೇಕು. 163ನೆಯ ಕಲಮಿನ ಕೆಳಗೆ ಹಸು ಮತ್ತು ಕರುವಿನ ಉದಾಹರಣೆಯನ್ನೇ ಕಾಯ್ದೆ ಕೊಟ್ಟಿದೆ.

ಸಾಫ್ಟ್‌ವೇರಿಗೆ ಮೊದಲು ಲಿಖಿತ ಕರಾರು ಆಗಲಿ. ವೈದ್ಯರನ್ನು ಕರೆಸಲು ಮತ್ತು ಮಾಲೀಕರ ಪರವಾಗಿ ಹಣ ಪಾವತಿಸಲು ಅನುಮತಿ, ಮಾಲೀಕರು ಫೋನಿಗೆ ಸಿಗದಿದ್ದರೆ ಎಷ್ಟು ಮೊತ್ತದವರೆಗೆ ನೀವೇ ನಿರ್ಧರಿಸಬಹುದು ಎಂಬ ಮಿತಿ, ಶುಲ್ಕ ಬಾಕಿ ಉಳಿದರೆ ಮುಂದೇನು ಎಂಬ ಷರತ್ತು, ಆ್ಯಪ್‌ನಲ್ಲಿ ಕಳುಹಿಸಿದ ಕೋರಿಕೆಯನ್ನು ಲಿಖಿತ ಒಪ್ಪಿಗೆಯೆಂದು ಪರಿಗಣಿಸಲಾಗುವುದು ಎಂಬ ಮಾತು, ಇಷ್ಟೂ ಅದರಲ್ಲಿ ಇರಬೇಕು. ಸಾಫ್ಟ್‌ವೇರ್ ಕಂಪನಿಯೊಂದಿಗಿನ ಒಪ್ಪಂದದಲ್ಲಿ ಒಂದನ್ನೇ ಖಚಿತಪಡಿಸಿಕೊಳ್ಳಿ: ಚಂದಾ ನಿಲ್ಲಿಸಿದ ದಿನ ಪ್ರತಿ ಕುದುರೆಯ ಪೂರ್ಣ ದಾಖಲೆಯನ್ನು ಎಕ್ಸೆಲ್ ರೂಪದಲ್ಲಿ ಇಳಿಸಿಕೊಳ್ಳಲು ಅವಕಾಶವಿರಬೇಕು. ಪ್ರಾಯೋಗಿಕ ಅವಧಿ ಮುಗಿಯುವ ಮೊದಲು ಆ ಗುಂಡಿಯನ್ನು ಒಮ್ಮೆ ಒತ್ತಿ, ಬಂದ ಕಡತವನ್ನು ತೆರೆದು, ದಿನಾಂಕಗಳೂ ಲಗತ್ತುಗಳೂ ಅದರಲ್ಲಿ ಬಂದಿವೆಯೇ ಎಂದು ನೋಡಿ ಆಮೇಲೆ ಹಣ ಕಟ್ಟಿ.